ಹಾಲ್‌ನಲ್ಲಿ ಸಬ್‌ವೂಫರ್ ಎಲ್ಲಿಡಬೇಕು? ಬೇಸ್ ಸರಿ ಬರದಿದ್ದರೆ ಒಂದೊಂದಾಗಿ ನೋಡುವ ಬಗೆ

"ಸಬ್ ಕೆಟ್ಟೈತ್ರಿ, ಬೇಸೇ ಬರವಲ್ದು." ವಿಜಯಪುರ, ಬಾಗಲಕೋಟೆ ಕಡೆ ಯಾರೇ ಹೊಸದಾಗಿ ಹೋಮ್ ಥಿಯೇಟರ್ ಹಾಕಿಸಲಿ, ಕೆಲವು ದಿನಕ್ಕೆ ಇಂಥ ಒಂದು ಫೋನ್ ಬರುತ್ತದೆ. ಹೋಗಿ ನೋಡಿದರೆ ಹೆಚ್ಚಿನ ಸಲ ಸಬ್‌ಗೆ, ಅಂದರೆ ಬೇಸ್ (ತಗ್ಗಿನ ಗುಂ ಸದ್ದು) ಹೊರಡಿಸುವ ಸಬ್‌ವೂಫರ್ ಡಬ್ಬಕ್ಕೆ ಏನೂ ಆಗಿರುವುದಿಲ್ಲ. ಅದನ್ನು ಇಟ್ಟ ಜಾಗ ಸರಿ ಇರುವುದಿಲ್ಲ, ಇಲ್ಲವೇ ಸೋಫಾ ಹಾಕಿದ ಜಾಗ. ಅಷ್ಟರಲ್ಲಿ ಅಂಗಡಿಯವರು ಎಂಟು ಇಂಚಿನದು ಸಾಲಲ್ಲ, ಹನ್ನೆರಡು ಇಂಚಿನದು ತಗೊಳ್ಳಿ ಅಂದಿರುತ್ತಾರೆ. ದಯವಿಟ್ಟು ದುಡ್ಡು ಬಿಚ್ಚುವ ಮುಂಚೆ ಒಂದು ಭಾನುವಾರ ಈ ಪರೀಕ್ಷೆಗಳಿಗೆ ಕೊಡಿ.

ಬೇಕಾಗುವುದು ಸ್ವಲ್ಪವೇ. ಅಳತೆಯ ಟೇಪು, ಚಾಕ್‌ಪೀಸ್, ಸಬ್‌ಗೆ ಹೋಗುವ ಸಿಗ್ನಲ್ ಕೇಬಲ್ ಸ್ವಲ್ಪ ಉದ್ದದ್ದು, ಎತ್ತಲು ಇನ್ನೊಬ್ಬರು. ಫೋನಿನಲ್ಲಿ ಬೇಸ್ ಟೋನ್ ಹೊರಡಿಸುವ ಒಂದು ಉಚಿತ ಆಪ್ ಇದ್ದರೆ ಒಳ್ಳೆಯದು, ಫೋನನ್ನು ರಿಸೀವರ್‌ಗೆ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಪೆಟ್ಟಿಗೆ) ಜೋಡಿಸಿ ಅದನ್ನು ಸಬ್‌ನಿಂದ ಕೇಳಬಹುದು. ಟೋನ್ ಯಾವಾಗಲೂ ಸಣ್ಣ ವಾಲ್ಯೂಮಿನಲ್ಲೇ ಹಾಕಿ. ಸಿನಿಮಾದ ಸದ್ದು ಬಂದು ಹೋಗುತ್ತದೆ, ಟೋನ್ ಹಾಗಲ್ಲ, ಒಂದೇ ಸಮನೆ ಇರುತ್ತದೆ. ಜೋರಾಗಿ ಬಿಟ್ಟರೆ ಸಬ್‌ನೊಳಗಿನ ಕಾಯಿಲ್ (ತಂತಿಯ ಸುರುಳಿ) ಸುಡುತ್ತದೆ. ಯಾವ ತಂತಿ ಕೀಳುವ ಮುಂಚೆಯೂ ಸ್ವಿಚ್ ಆರಿಸಿ. ಇನ್ನೊಂದು ಮಾತು, ಸಬ್‌ನ ಭಾರವೆಲ್ಲ ಕೋನ್ (ಮುಂದೆ ಹಿಂದೆ ಅಲುಗುವ ಬಟ್ಟಲಿನಂಥ ಭಾಗ) ಮತ್ತು ಮ್ಯಾಗ್ನೆಟ್ ಇರುವ ಬದಿಗೇ ಇರುತ್ತದೆ. ಎತ್ತುವಾಗ ಆ ಕಡೆ ವಾಲುತ್ತದೆ, ಸೊಂಟ ನೋಡಿಕೊಳ್ಳಿ.

"ಸದ್ದೇ ಇಲ್ಲ" ಅಥವಾ "ಅರ್ಧ ಸಿನಿಮಾಕ್ಕೆ ನಿಂತುಬಿಡುತ್ತದೆ"

ಹಿಂದಿನ ದೀಪ ನೋಡಿ. ದೀಪವೇ ಇಲ್ಲ ಅಂದರೆ ಬೇರೆ ಪ್ಲಗ್ಗಿಗೆ ಹಾಕಿ ನೋಡಿ. ಆಮೇಲೆ ಫ್ಯೂಸ್. ಹೊಸ ಫ್ಯೂಸ್ ಅದೇ ಅಳತೆಯದೇ ಇರಬೇಕು. ತಂತಿ ಸುತ್ತುವುದು, ದೊಡ್ಡದು ಹಾಕುವುದು ಬೇಡ. ಹೊಸದೂ ಕೂಡಲೇ ಹೋಯಿತೆಂದರೆ ದೋಷ ಒಳಗಿದೆ, ಅಲ್ಲಿಗೆ ನಿಲ್ಲಿಸಿ.

ದೀಪ ಇದ್ದು ಸದ್ದಿಲ್ಲ ಅಂದರೆ ಆಟೋ ಸ್ವಿಚ್ ಕಡೆ ನೋಡಿ. ಆಟೋದಲ್ಲಿದ್ದರೆ ಸಿಗ್ನಲ್ ಸಾಕಷ್ಟು ಬರದಿದ್ದಾಗ ಸಬ್ ತಾನಾಗಿ ಮಲಗುತ್ತದೆ. ರಾತ್ರಿ ಸಣ್ಣ ವಾಲ್ಯೂಮಿನಲ್ಲಿ ನೋಡುವವರಿಗೆ ಇದು ಜಾಸ್ತಿ ಕಾಡುತ್ತದೆ. ಸ್ವಿಚ್ಚನ್ನು ಆನ್‌ಗೆ ಹಾಕಿ. ಅದಿಲ್ಲದಿದ್ದರೆ ರಿಸೀವರ್ ಮೆನುವಿನಲ್ಲಿ ಸಬ್ ಲೆವೆಲ್ ಸ್ವಲ್ಪ ಏರಿಸಿ, ಸಬ್‌ನ ಹಿಂದಿನ ವಾಲ್ಯೂಮ್ ತಿರುಪು ಅಷ್ಟೇ ಇಳಿಸಿ. ಸದ್ದು ಅಷ್ಟೇ ಇರುತ್ತದೆ, ಆದರೆ ಸಬ್ ಎಚ್ಚರ ಇರುತ್ತದೆ.

ಏಪ್ರಿಲ್, ಮೇನಲ್ಲಿ ಮಾತ್ರ ನಿಲ್ಲುತ್ತಿದ್ದರೆ ಬಿಸಿಯೇ ಕಾರಣ ಇರಬಹುದು. ನಮ್ಮಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟುತ್ತದೆ, ಸಬ್‌ನ ಬೆನ್ನಿನ ತಗಡಿನ ಹಿಂದೆ ಆಂಪ್ಲಿಫೈಯರ್ ಕೂತಿರುತ್ತದೆ. ಗೋಡೆಗೆ ಒತ್ತಿ, ಪರದೆ ಹಿಂದೆ ಮುಚ್ಚಿಟ್ಟರೆ ಅದಕ್ಕೆ ಗಾಳಿ ಎಲ್ಲಿಂದ ಬರಬೇಕು? ಗೇಣುದ್ದ ಜಾಗ ಬಿಡಿ. ತಗಡು ಮುಟ್ಟಲಾರದಷ್ಟು ಬಿಸಿ ಇದ್ದರೆ ಆರಿಸಿ, ತಣ್ಣಗಾಗಲಿ.

"ಬೇಸಿಗೆ ಬಂದ ಮೇಲೆ ಬೇಸ್ ಕಡಿಮೆ ಆಗಿದೆ"

ಕೂಲರ್ ಆರಿಸಿ ಕೇಳಿ. ಅಷ್ಟೇ. ನೀರಿನ ಕೂಲರ್‌ನ ಸದ್ದು ಬೇಸ್‌ನ ಮೆಲ್ಲನೆಯ ಭಾಗವನ್ನೆಲ್ಲ ನುಂಗುತ್ತದೆ. ಕೂಲರ್‌ಗಾಗಿ ಕಿಟಕಿ, ಬಾಗಿಲು ತೆರೆದಿಟ್ಟರೆ ಅಲ್ಲಿಂದಲೂ ಬೇಸ್ ಹೊರಗೆ ಹೋಗುತ್ತದೆ. ಸಬ್‌ನಲ್ಲಿ ತಪ್ಪೇನಿಲ್ಲ.

"ಹಾಲ್‌ನಲ್ಲಿ ಎಲ್ಲಿ ನಿಂತರೂ ಬೇಸ್ ತೆಳು"

ಎಲ್ಲ ಕಡೆ ತೆಳು ಅಂದರೆ ಜಾಗಕ್ಕಿಂತ ಸೆಟ್ಟಿಂಗ್ ಮೇಲೆ ಅನುಮಾನ ಜಾಸ್ತಿ. ಡಬ್ಬ ಅಲುಗಾಡಿಸುವ ಮುಂಚೆ ರಿಮೋಟ್ ಕೈಗೆ ತಗೊಳ್ಳಿ.

ರಿಸೀವರ್‌ನಲ್ಲಿ ಮುಂದಿನ ಸ್ಪೀಕರ್‌ಗಳು 'ಲಾರ್ಜ್' ಅಂತ ಇದ್ದರೆ ಅವುಗಳ ಬೇಸ್ ಸಬ್‌ಗೆ ಹೋಗುವುದೇ ಇಲ್ಲ. ಸ್ಪೀಕರ್ ನಿಜವಾಗಿ ಎಷ್ಟೇ ದೊಡ್ಡದಿರಲಿ, ಸಬ್ ಇದ್ದ ಮೇಲೆ 'ಸ್ಮಾಲ್' ಮಾಡಿ, ಕ್ರಾಸೋವರ್ (ಎಷ್ಟು ಹರ್ಟ್ಸ್‌ನಿಂದ ಕೆಳಗಿನ ಸದ್ದು ಸಬ್‌ಗೆ ಹೋಗಬೇಕು ಎನ್ನುವ ಗೆರೆ) 80 ಹರ್ಟ್ಸ್‌ಗೆ ಇಡಿ. ಹರ್ಟ್ಸ್ ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎನ್ನುವ ಲೆಕ್ಕ, ಕಡಿಮೆ ಇದ್ದಷ್ಟೂ ಆಳದ ಬೇಸ್. ಸಿನಿಮಾ ಸದ್ದಿನ ಗುಣಮಟ್ಟ ಗೊತ್ತು ಮಾಡುವ ಟಿಎಚ್‌ಎಕ್ಸ್‌ನವರು ಇಟ್ಟ ಅಂಕಿ 80, ಹೆಚ್ಚಿನ ಮನೆಗಳಿಗೆ ಹೊಂದುತ್ತದೆ. ಮುಷ್ಟಿಯಷ್ಟಿರುವ ಸಣ್ಣ ಸ್ಪೀಕರ್‌ಗಳಾದರೆ 100 ಅಥವಾ 120 ಬೇಕಾಗುತ್ತದೆ. ಆಮೇಲೆ ಸಬ್‌ನ ಹಿಂದೆಯೇ ಇರುವ ಕ್ರಾಸೋವರ್ ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಅಥವಾ ಎಲ್‌ಎಫ್‌ಇ (ಸಬ್ ತಾನು ಸೋಸದೆ ಬಿಡುವ ಗುರುತು) ಅಂತ ಇದ್ದರೆ ಅಲ್ಲಿಗೆ ಇಡಿ. ರಿಸೀವರ್ ಒಮ್ಮೆ ಸೋಸಿದ್ದನ್ನು ಸಬ್ ಮತ್ತೆ ಸೋಸಿದರೆ ನಡುವೆ ಒಂದು ಹಳ್ಳ ಬೀಳುತ್ತದೆ.

ಇನ್ನು ಫೇಸ್ ಸ್ವಿಚ್. 0, 180 ಅಂತ ಬರೆದಿರುತ್ತದೆ. ಸುಮ್ನೆ ಸೋಫಾ ಮೇಲೆ ಕೂತು 80 ಹರ್ಟ್ಸ್ ಟೋನ್ ಹಾಕಿಸಿ, ಇನ್ನೊಬ್ಬರಿಗೆ ಸ್ವಿಚ್ ಆ ಕಡೆ ಈ ಕಡೆ ಮಾಡಲು ಹೇಳಿ. ಯಾವುದರಲ್ಲಿ ಸದ್ದು ಜಾಸ್ತಿಯೋ ಅದೇ ಸರಿ. ಸಬ್ ಮತ್ತು ಮುಂದಿನ ಸ್ಪೀಕರ್‌ಗಳು ಒಂದು ತಳ್ಳುವಾಗ ಇನ್ನೊಂದು ಎಳೆದರೆ ಆ ಭಾಗದ ಬೇಸ್ ಒಂದನ್ನೊಂದು ಅಳಿಸಿಹಾಕುತ್ತದೆ. ಸಬ್ ಸೋಫಾದ ಹಿಂದೆ ಇದ್ದರಂತೂ ಇದನ್ನು ಬಿಡದೆ ನೋಡಿ. ಮುಂದಿನ ಸ್ಪೀಕರ್‌ಗಳಲ್ಲಿ ಒಂದಕ್ಕೆ ಕೆಂಪು, ಕಪ್ಪು ತಂತಿ ಅದಲುಬದಲಾಗಿದ್ದರೂ ಇದೇ ಲಕ್ಷಣ ಬರುತ್ತದೆ.

ಒಂದು ಎಚ್ಚರಿಕೆ. ರಿಸೀವರ್ ಜೊತೆ ಬರುವ ಮೈಕನ್ನು ಸೋಫಾದಲ್ಲಿಟ್ಟು ಅದರಿಂದಲೇ ಅಳೆಸಿದಾಗ ಸಬ್‌ನ ದೂರವನ್ನು ಟೇಪಿಗಿಂತ ಜಾಸ್ತಿ ತೋರಿಸುತ್ತದೆ. ಎಂಟು ಅಡಿ ಇದ್ದದ್ದು ಹನ್ನೆರಡು ಅಂತ ಬರಬಹುದು. ಅದು ತಪ್ಪಲ್ಲ. ಸಬ್‌ನ ಒಳಗಿನ ಸರ್ಕ್ಯೂಟಿನಲ್ಲಿ ಆಗುವ ತಡವನ್ನೂ ಅದು ದೂರದ ಲೆಕ್ಕದಲ್ಲೇ ಸೇರಿಸುತ್ತದೆ. ಟೇಪು ಹಿಡಿದು ಅದನ್ನು 'ಸರಿ' ಮಾಡಲು ಹೋಗಬೇಡಿ.

"ಸಬ್ ಹತ್ತಿರ ಹೋದರೆ ಗುಡುಗುತ್ತದೆ, ಸೋಫಾದಲ್ಲಿ ಕೂತರೆ ಏನೂ ಇಲ್ಲ"

ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದೇ. ಜನ ಎಲ್ಲಕ್ಕಿಂತ ಜಾಸ್ತಿ ದುಡ್ಡು ಕಳೆದುಕೊಳ್ಳುವುದೂ ಇದರಲ್ಲೇ.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಬೇಸ್ ಇರುವ ಹಾಡು ಹಾಕಿ ಸೋಫಾದಲ್ಲಿ ಕೂರಿ. ನಿಧಾನಕ್ಕೆ ಮುಂದೆ ಬಾಗಿ, ಎದ್ದು ಒಂದು ಹೆಜ್ಜೆ ಮುಂದೆ ಹೋಗಿ, ಆಮೇಲೆ ಸೋಫಾ ಹಿಂದೆ ಹೋಗಿ ನಿಲ್ಲಿ. ಎರಡು ಅಡಿಯಲ್ಲಿ ಬೇಸ್ ಹೊರಳಿ ಬಂತಾ? ಹಾಗಾದರೆ ಸಬ್ ಗಟ್ಟಿಯಾಗಿದೆ. ನೀವು ಕೂತ ಕಡೆ ಬೇಸ್ ಸತ್ತಿದೆ.

ಕಾರಣ ಹೀಗೆ. ಬೇಸ್‌ನ ಅಲೆ ಬಹಳ ಉದ್ದ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ 40 ಹರ್ಟ್ಸ್‌ನ ಒಂದು ಅಲೆ ಸುಮಾರು 28 ಅಡಿ. ನಮ್ಮ ಹಾಲ್ ಅದರ ಅರ್ಧ. ಎದುರುಬದುರು ಗೋಡೆಗಳ ನಡುವೆ ಅಲೆ ಹೋಗಿ ಬಂದು ಒಂದರ ಮೇಲೊಂದು ಕೂತು ಕೆಲವು ಕಡೆ ಗಟ್ಟಿಯಾಗಿ, ಕೆಲವು ಕಡೆ ಇಲ್ಲವೇ ಇಲ್ಲ ಎನ್ನುವಂತೆ ನಿಂತುಬಿಡುತ್ತದೆ. ಯಾವ ಹರ್ಟ್ಸ್‌ನಲ್ಲಿ ಅಂತ ತಿಳಿಯಲು 565 ಅನ್ನು ಕೋಣೆಯ ಉದ್ದದ ಅಡಿಗಳಿಂದ ಭಾಗಿಸಿ. ಹದಿನಾರು ಅಡಿ ಉದ್ದಕ್ಕೆ 35, ಹನ್ನೆರಡು ಅಡಿ ಅಗಲಕ್ಕೆ 47, ಹತ್ತು ಅಡಿ ಎತ್ತರಕ್ಕೆ 56. ಈ ಮೊದಲ ಅಲೆಯ ಸದ್ದು ಎರಡೂ ಗೋಡೆಗಳ ಹತ್ತಿರ ಗರಿಷ್ಠ, ನಟ್ಟ ನಡುವೆ ಸೊನ್ನೆಗೆ ಹತ್ತಿರ. (ಬೇಸಿಗೆಯ ನಲವತ್ತು ಡಿಗ್ರಿಗೆ ಶಬ್ದದ ವೇಗ 355 ಮೀಟರ್ ಆಗುತ್ತದೆ, 47 ಇದ್ದದ್ದು 48 ದಾಟುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.)

ಬಾಗಲಕೋಟೆಯ ನವನಗರದಲ್ಲಿ ಗೆಳೆಯರೊಬ್ಬರ ಹಾಲ್ ಇದಕ್ಕೆ ಸರಿಯಾದ ಉದಾಹರಣೆ. ಹದಿನಾರು ಅಡಿ ಉದ್ದ, ಹನ್ನೆರಡು ಅಗಲ, ಆರ್‌ಸಿಸಿ ಸ್ಲ್ಯಾಬು. ಸೋಫಾದ ಹಿಂದೆ ಊಟದ ಟೇಬಲ್ ಹಿಡಿಯಲಿ ಅಂತ ಸೋಫಾವನ್ನು ಎಂಟನೇ ಅಡಿಗೆ, ಅಂದರೆ ಸರಿಯಾಗಿ ನಡುವೆ ಹಾಕಿದ್ದರು. ಸಿನಿಮಾದಲ್ಲಿ ಗೋಡೆ ಬಿದ್ದರೆ ಊಟದ ಟೇಬಲ್ ಹತ್ತಿರ ನಿಂತವರಿಗೆ ಎದೆ ನಡುಗುತ್ತಿತ್ತು, ಸೋಫಾದಲ್ಲಿ ಕೂತ ಅವರಿಗೆ 'ಟಪ್' ಅನ್ನುತ್ತಿತ್ತು. ಟೇಬಲ್ಲನ್ನು ಗೋಡೆಗೆ ಸರಿಸಿ, ಸೋಫಾವನ್ನು ಎರಡು ಅಡಿ ಹಿಂದಕ್ಕೆ ಒಯ್ದೆವು. ಕಿವಿ ಹಿಂದಿನ ಗೋಡೆಯಿಂದ ಆರು ಅಡಿಗೆ ಬಂತು. "ಏ, ಇದು ಬ್ಯಾರೇನ ಐತಲ್ರಿ" ಅಂದರು ಅವರ ತಾಯಿ, ಒಳಗಿನಿಂದ ಬಂದು. ಸಬ್ ಇದ್ದಲ್ಲೇ ಇತ್ತು.

ನಡುಮಧ್ಯ ಬೇಡ, ಹಿಂದಿನ ಗೋಡೆಗೆ ಅಂಟಿಯೂ ಬೇಡ. ಕೋಣೆಯ ಉದ್ದದ ಮೂರನೇ ಒಂದರಿಂದ ಐದನೇ ಎರಡರಷ್ಟು ಭಾಗ ಹಿಂದಿನ ಗೋಡೆಯಿಂದ ಬಿಟ್ಟು ಕೂತರೆ ಹೆಚ್ಚಿನ ಮನೆಗಳಲ್ಲಿ ನಡೆಯುತ್ತದೆ. ಆದರೆ ಎಲ್ಲ ಹಾಲ್‌ಗಳು ನಾಲ್ಕೂ ಕಡೆ ಮುಚ್ಚಿದ ಆಯತದ ಪೆಟ್ಟಿಗೆಯಲ್ಲ. ಒಂದು ಕಡೆ ಅಡುಗೆಮನೆಗೆ ತೆರೆದಿರುತ್ತದೆ, ಇನ್ನೊಂದು ಕಡೆ ಮೆಟ್ಟಿಲು. ಅಲ್ಲಿ ಲೆಕ್ಕ ಕೈಕೊಡುತ್ತದೆ, ಕಿವಿ ಕೈಕೊಡುವುದಿಲ್ಲ.

ಸೋಫಾ ಸರಿಸಲು ಆಗುವುದೇ ಇಲ್ಲವಾ? ಆಗ ಸಬ್‌ಗೆ ಜಾಗ ಹುಡುಕಬೇಕು. ಅದಕ್ಕೆ ಒಂದು ಉಲ್ಟಾ ದಾರಿ ಇದೆ. ಸಬ್‌ನಿಂದ ಕಿವಿಗೆ ಬೇಸ್ ಹೇಗೆ ತಲುಪುತ್ತದೋ, ಸಬ್ ಮತ್ತು ಕಿವಿಯ ಜಾಗ ಅದಲುಬದಲು ಮಾಡಿದರೂ ಹಾಗೇ ತಲುಪುತ್ತದೆ. ಆದ್ದರಿಂದ ಸಬ್ ಅನ್ನು ತಂದು ನೀವು ಕೂರುವ ಜಾಗದಲ್ಲಿಡಿ. ಗಟ್ಟಿ ಸ್ಟೂಲ್ ಇದ್ದರೆ ಕಿವಿಯ ಎತ್ತರಕ್ಕೆ, ಇಲ್ಲದಿದ್ದರೆ ಸೋಫಾ ಸರಿಸಿ ನೆಲದ ಮೇಲೇ ಸಾಕು. ಬೇಸ್ ಒಂದೇ ಸಮನೆ ಓಡುವ ಹಾಡನ್ನು ಮತ್ತೆ ಮತ್ತೆ ಬರುವಂತೆ ಹಾಕಿ. ಈಗ ನೀವು ನೆಲಕ್ಕೆ ಕೈಯೂರಿ ಗೋಡೆಗುಂಟ ತೆವಳುತ್ತಾ ಹೋಗಿ. ಸಬ್ ಇಡಲು ಸಾಧ್ಯವಿರುವ ಕಡೆಯೆಲ್ಲ ನಿಂತು, ತಲೆಯನ್ನು ಸಬ್‌ನ ಎತ್ತರಕ್ಕೆ ಇಳಿಸಿ ಕೇಳಿ: ಟಿವಿಯ ಎಡಕ್ಕೆ, ಬಲಕ್ಕೆ, ಪಕ್ಕದ ಗೋಡೆಯ ನಡುವೆ, ಸೋಫಾ ಪಕ್ಕದಲ್ಲಿ. ಎಲ್ಲಿ ಎಲ್ಲ ಸ್ವರಗಳೂ ಒಂದೇ ತೂಕದಲ್ಲಿ ಬಿಡಿಬಿಡಿಯಾಗಿ ಕೇಳುತ್ತವೋ ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ. ಜೋರಾಗಿ ಕೇಳುವ ಜಾಗಕ್ಕೆ ಮರುಳಾಗಬೇಡಿ, ಸಮವಾಗಿ ಕೇಳುವ ಜಾಗ ಹುಡುಕಿ. ಎರಡು ಮೂರು ಗುರುತು ಸಿಗುತ್ತವೆ. ಅವುಗಳಲ್ಲಿ ಓಡಾಟಕ್ಕೆ ಅಡ್ಡ ಬಾರದ್ದು, ಪ್ಲಗ್ ಹತ್ತಿರ ಇರುವುದು ಯಾವುದೋ ಅಲ್ಲಿ ಸಬ್ ಇಟ್ಟು ಸೋಫಾದಿಂದ ಮತ್ತೊಮ್ಮೆ ಕೇಳಿ.

ಯಾವ ಹಾಡು ಅಂತ ಎಲ್ಲರೂ ಕೇಳುತ್ತಾರೆ. ನನಗೆ ತಬಲಾ ಸೋಲೋ ಇಷ್ಟ. ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ 'ಗುಂ' ಅನ್ನುವ ಸ್ವರ ಕೆಳಗಿನಿಂದ ಮೇಲಕ್ಕೆ ಎಳೆದುಕೊಂಡು ಹೋಗುತ್ತದಲ್ಲ, ಅದು ಒಂದೇ ಹೊಡೆತದಲ್ಲಿ ಎಷ್ಟೋ ಹರ್ಟ್ಸ್‌ಗಳನ್ನು ದಾಟುತ್ತದೆ. ಜಾಗ ಸರಿ ಇದ್ದರೆ ಆ ಜಾರು ನುಣ್ಣಗೆ ಕೇಳುತ್ತದೆ. ಸರಿ ಇಲ್ಲದಿದ್ದರೆ ನಡುವೆ ಒಂದು ಕಡೆ ಉಬ್ಬುತ್ತದೆ ಅಥವಾ ಮಾಯವಾಗಿ ಮತ್ತೆ ಬರುತ್ತದೆ. ಹಿಂದೂಸ್ತಾನಿ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದು ಕೂಡಲೇ ಕಿವಿಗೆ ಬೀಳುತ್ತದೆ. ತಬಲಾ ಮುಟ್ಟದ ಆಳದ ಬೇಸ್‌ಗೆ ಮಾತ್ರ ಟೋನ್ ಹಾಕಿ, 30ರಿಂದ 80ರವರೆಗೆ ಐದೈದು ಹರ್ಟ್ಸ್ ಏರಿಸುತ್ತಾ ಕೇಳಿ. ಫೋನಿನ ಸದ್ದಿನ ಮೀಟರ್ ನಂಬುವಾಗ ಸ್ವಲ್ಪ ಹುಷಾರು. ಫೋನ್ ಮೈಕಿಗೆ ಆಳದ ಬೇಸ್ ಸರಿಯಾಗಿ ಕೇಳುವುದಿಲ್ಲ. ಒಂದೇ ಟೋನನ್ನು ಎರಡು ಜಾಗಗಳಲ್ಲಿ ಹೋಲಿಸಲು ಬಳಸಿ. 30 ಮತ್ತು 80ನ್ನು ಒಂದಕ್ಕೊಂದು ಹೋಲಿಸಲು ಬಳಸಬೇಡಿ.

ಸೋಫಾದಲ್ಲಿ ಬೇಸ್ ಸತ್ತ ಜಾಗಕ್ಕೆ ರಿಸೀವರ್‌ನ ಈಕ್ವಲೈಸರ್ (ಬೇಕಾದ ಹರ್ಟ್ಸ್‌ನ ಸದ್ದನ್ನು ಮಾತ್ರ ಏರಿಸಿ ಇಳಿಸುವ ಸೆಟ್ಟಿಂಗ್) ಮದ್ದಲ್ಲ. ಅಲ್ಲಿ ಎಷ್ಟು ಏರಿಸಿದರೂ ಎದುರಿನಿಂದ ಬರುವ ಅಲೆಯೂ ಅಷ್ಟೇ ಏರಿ ಅಳಿಸುತ್ತದೆ. ಆಂಪ್ಲಿಫೈಯರ್ ಸುಮ್ನೆ ಬಿಸಿಯಾಗುತ್ತದೆ. ಜಾಗ ಬದಲಾಯಿಸಿದ ಮೇಲೆ ಮಾತ್ರ ಮೈಕ್ ಇಟ್ಟು ಮತ್ತೆ ಅಳೆಸಿ, ಆಗ ಫ್ಯಾನು, ಕೂಲರ್ ಎರಡೂ ಆರಿರಲಿ.

"ಒಂದೇ ಸ್ವರ ಗುಂಯ್‌ಗುಡುತ್ತದೆ, ಮಾತು ತಿಳಿಯುವುದಿಲ್ಲ"

ಇದು ಮೇಲಿನದರ ಉಲ್ಟಾ ಮುಖ. ಸಬ್ ಮೂಲೆಯಲ್ಲಿದೆಯಾ? ಸೋಫಾ ಹಿಂದಿನ ಗೋಡೆಗೆ ಅಂಟಿದೆಯಾ? ಎರಡಕ್ಕೂ 'ಹೌದು' ಅಂದರೆ ಉತ್ತರ ಅಲ್ಲೇ ಇದೆ. ಮೂಲೆಯಲ್ಲಿ ನೆಲ ಮತ್ತು ಎರಡು ಗೋಡೆ ಸೇರಿ ಸದ್ದನ್ನು ಏರಿಸುತ್ತವೆ, ಕೋಣೆಯ ಎಲ್ಲ ಅಲೆಗಳನ್ನೂ ಒಟ್ಟಿಗೆ ಎಬ್ಬಿಸುತ್ತವೆ. ಸಣ್ಣ ಸಬ್‌ಗೆ ಕೆಲವೊಮ್ಮೆ ಆ ನೆರವು ಬೇಕೇ ಬೇಕು, ಹಾಗಾಗಿ ಮೂಲೆ ಯಾವಾಗಲೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಕಲ್ಲಿನ ಗೋಡೆ, ಫರಸಿ ನೆಲ, ಆರ್‌ಸಿಸಿ ಸ್ಲ್ಯಾಬು ಬೇಸ್ ಅನ್ನು ಹೊರಗೆ ಬಿಡುವುದೇ ಇಲ್ಲ, ಗುಂಯ್ ಅನ್ನುವುದು ಇಲ್ಲಿ ಜಾಸ್ತಿ. ಬೆಳಗಾವಿ ಕಡೆಯ ಹಳೇ ಹೆಂಚಿನ ಮನೆಗಳಲ್ಲಿ ಮೇಲಿನಿಂದ ಸೋರಿ ಹೋಗುವುದರಿಂದ ಗುಂಯ್ ಕಡಿಮೆ, ಆಳವೂ ಕಡಿಮೆ. ಅಲ್ಲಿ ಮೂಲೆಯೇ ಒಳ್ಳೆಯ ಜಾಗ ಆಗಬಹುದು.

ಮೊದಲು ಸಬ್‌ನ ವಾಲ್ಯೂಮ್ ಕಾಲು ಭಾಗ ಇಳಿಸಿ ಎರಡು ದಿನ ಕೇಳಿ. ನಿಜವಾಗಿ ಎಷ್ಟೋ ಮನೆಗಳಲ್ಲಿ ಇಷ್ಟೇ ಸಾಕಾಗುತ್ತದೆ. ರಿಸೀವರ್ ಅಳೆದ ಮೇಲೆ ಸಬ್ ಲೆವೆಲ್ -12 ಅಂತ ತೋರಿಸಿದರೆ, ಹೆಚ್ಚಿನ ರಿಸೀವರ್‌ಗಳಲ್ಲಿ ಅದಕ್ಕಿಂತ ಕೆಳಗೆ ಹೋಗಲಾಗದು. ಸಬ್‌ನ ವಾಲ್ಯೂಮ್ ತಿರುಪು ಇಳಿಸಿ ಮತ್ತೆ ಅಳೆಸಿ. ಆಮೇಲೆ ಸಬ್ ಅನ್ನು ಮೂಲೆಯಿಂದ ಒಂದು ಗೋಡೆಗುಂಟ ಒಂದೊಂದು ಅಡಿ ಸರಿಸುತ್ತಾ ಕೇಳಿ. ಸೋಫಾವನ್ನು ಗೋಡೆಯಿಂದ ಒಂದೆರಡು ಅಡಿ ಮುಂದೆ ತನ್ನಿ. ಉಳಿದ ಉಬ್ಬನ್ನು ಈಕ್ವಲೈಸರ್ ಇಳಿಸಬಲ್ಲದು. ಉಬ್ಬಿಗೆ ಅದು ಒಳ್ಳೆಯ ಮದ್ದು.

ಜಮಖಾನ, ದಪ್ಪ ಪರದೆ, ಕೌದಿ ಹಾಕಿದರೆ ಮಾತು ಸ್ಪಷ್ಟ ಆಗುತ್ತದೆ, ಅದಕ್ಕಾಗಿ ಹಾಕಿ. ಬೇಸ್ ಅದರಿಂದ ಬಗ್ಗುವುದಿಲ್ಲ. 40 ಹರ್ಟ್ಸ್‌ನ ಅಲೆಯ ಕಾಲು ಭಾಗವೇ ಏಳು ಅಡಿ. ಎರಡು ಇಂಚಿನ ಫೋಮ್ ಅದನ್ನು ತಡೆಯಲಾರದು. ಗೋಡೆಗೆಲ್ಲ ಕರಿ ಫೋಮ್ ಅಂಟಿಸಿದರೆ ಬೇಸ್ ಸರಿಯಾಗುತ್ತದೆ ಅಂತ ಯಾರಾದರೂ ದರ ಹೇಳಿದರೆ ಆ ದುಡ್ಡು ಉಳಿಸಿಕೊಳ್ಳಿ.

ಕೆಲವರು ಇದನ್ನು ಗೋಳಗುಮ್ಮಟದ ಪ್ರತಿಧ್ವನಿ ಇದ್ದಂತೆ ಅನ್ನುತ್ತಾರೆ. ಎರಡೂ ಬೇರೆ. ಗುಮ್ಮಟದ ಒಳಗೆ ಕೂಗಿದ್ದು ದೂರದ ಗೋಡೆಗೆ ಹೋಗಿ ತಡವಾಗಿ ಮರಳಿ ಬರುತ್ತದೆ, ಅದಕ್ಕೇ ಒಂದೊಂದೂ ಬಿಡಿಯಾಗಿ ಕೇಳುತ್ತದೆ. ಹದಿನಾರು ಅಡಿಯ ಹಾಲ್‌ನಲ್ಲಿ ಬಿಡಿಯಾಗಿ ಕೇಳುವಷ್ಟು ತಡವೇ ಇಲ್ಲ, ಒಂದೇ ಸ್ವರ ನಿಂತಲ್ಲೇ ಉಬ್ಬುತ್ತದೆ. ಆದ್ದರಿಂದ ಪ್ರತಿಧ್ವನಿಗೆ ಮಾಡುವ ಉಪಾಯ ಇಲ್ಲಿ ಫಲ ಕೊಡುವುದಿಲ್ಲ.

"ಸೋಫಾದ ಈ ತುದಿಗೆ ಚೆನ್ನ, ಆ ತುದಿಗೆ ಇಲ್ಲ"

ಇದು ಅಗಲದ ಅಲೆಯ ಕೆಲಸ. ಸಬ್ ಅನ್ನು ಮುಂದಿನ ಗೋಡೆಯ ನಟ್ಟ ನಡುವೆ, ಟಿವಿಯ ಕೆಳಗೆ ಇಟ್ಟು ನೋಡಿ. ಅಲ್ಲಿಂದ ಅಗಲದ ಮೊದಲ ಅಲೆ ಏಳುವುದೇ ಇಲ್ಲ. ಜಾಗ ಇಲ್ಲದಿದ್ದರೆ, ಮನೆಮಂದಿಯೆಲ್ಲ ಕೂತು ನೋಡುವ ಹಾಲ್ ಆಗಿದ್ದರೆ, ದುಡ್ಡು ಖರ್ಚು ಮಾಡುವ ಮಾತು ಈಗ ಬರುತ್ತದೆ. ಒಂದು ದೊಡ್ಡ ಸಬ್ ಬದಲು ಎರಡು ಸಾಧಾರಣ ಸಬ್ ತಗೊಳ್ಳಿ. ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯ ಸಂಶೋಧಕ ಟಾಡ್ ವೆಲ್ಟಿ 2002ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಆಯತಾಕಾರದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಒಂದೊಂದು ಸಬ್ ಇಟ್ಟರೆ ಸೀಟಿನಿಂದ ಸೀಟಿಗೆ ಇರುವ ವ್ಯತ್ಯಾಸ ಬಹಳ ಇಳಿಯುತ್ತದೆ. ನಾಲ್ಕಕ್ಕಿಂತ ಜಾಸ್ತಿ ಹಾಕಿ ಹೆಚ್ಚಿನ ಲಾಭ ಇಲ್ಲ. ಎರಡನ್ನೂ ಒಂದೇ ಕಡೆ ಜೋಡಿಸಿ ಇಟ್ಟರೆ ಸದ್ದು ಜೋರಾಗುತ್ತದೆ, ಸಮ ಆಗುವುದಿಲ್ಲ.

"ಬೇಸ್ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತಿದೆ"

ಸುಮಾರು 80 ಹರ್ಟ್ಸ್ ಕೆಳಗಿನ ಸದ್ದು ಯಾವ ದಿಕ್ಕಿನದು ಅಂತ ಕಿವಿಗೆ ತಿಳಿಯುವುದು ಕಷ್ಟ. ತಿಳಿಯುತ್ತಿದೆ ಅಂದರೆ ಸಬ್ ಅದಕ್ಕಿಂತ ಮೇಲಿನದನ್ನೂ ಹಾಡುತ್ತಿದೆ, ಗಂಡಸರ ದನಿಯ ಕೆಳಭಾಗ ಸೋಫಾದ ಹಿಂದಿನಿಂದ ಬಂದಂತಾಗುತ್ತದೆ. ಕ್ರಾಸೋವರ್ ಇಳಿಸಿ. ಸಣ್ಣ ಸ್ಪೀಕರ್‌ಗಳಿಂದಾಗಿ ಇಳಿಸಲು ಆಗದಿದ್ದರೆ ಸಬ್ ಅನ್ನು ಟಿವಿಯ ಹತ್ತಿರವೇ ಇಡಬೇಕು, ಬೇರೆ ದಾರಿಯಿಲ್ಲ. ಸಬ್‌ನ ತೂತಿನಿಂದ 'ಫುಸ್' ಅಂತ ಗಾಳಿ ಸದ್ದು ಬಂದರೂ ಜಾಗ ಗೊತ್ತಾಗುತ್ತದೆ. ವಾಲ್ಯೂಮ್ ಇಳಿಸಿ, ತೂತನ್ನು ಗೋಡೆಯಿಂದ ಇನ್ನಷ್ಟು ದೂರ ಮಾಡಿ. ಹಾಗೆಯೇ ಟಾರ್ಚ್ ಹಾಕಿ ಆ ತೂತಿನೊಳಗೆ ನೋಡಿ. ಹಲ್ಲಿ, ಜಿರಳೆ ಹೋಗಿ ಕೂತಿರುತ್ತವೆ, ಮಕ್ಕಳು ಆಟಿಕೆ ತುರುಕಿರುತ್ತಾರೆ.

"ಬೇಸ್ ಬಂದಾಗ ಎಲ್ಲೋ ಗಡಗಡ ಅನ್ನುತ್ತದೆ"

ಸಬ್ ಒಡೆದಿದೆ ಅಂತ ಹೆದರಬೇಡಿ, ಮನೆ ಸಾಮಾನು ಆಡುತ್ತಿರಬಹುದು. ಟೋನ್ ಅನ್ನು 25ರಿಂದ ನಿಧಾನಕ್ಕೆ ಏರಿಸಿ, ಗಡಗಡ ಶುರುವಾದ ಕಡೆ ನಿಲ್ಲಿಸಿ. ಒಬ್ಬರು ಆ ಟೋನ್ ಇಟ್ಟಿರಲಿ, ಇನ್ನೊಬ್ಬರು ಹೋಗಿ ಒಂದೊಂದನ್ನೇ ಅಂಗೈಯಿಂದ ಒತ್ತಲಿ. ಒತ್ತಿದಾಗ ಸದ್ದು ನಿಂತದ್ದೇ ಕಳ್ಳ. ಶೋಕೇಸ್ ಗಾಜು, ಸ್ಟೀಲ್ ಕಪಾಟಿನ ಬಾಗಿಲು, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ಗೋಡೆಯ ಫೋಟೊ, ಟ್ಯೂಬ್‌ಲೈಟ್ ಪಟ್ಟಿ, ಪಕ್ಕದ ಅಡುಗೆಮನೆಯಲ್ಲಿ ಒಂದರೊಳಗೊಂದು ಇಟ್ಟ ಸ್ಟೀಲ್ ಡಬ್ಬಿಗಳು. ಯಾರ ಕಣ್ಣಿಗೂ ಬೀಳದ್ದು ಫ್ಯಾನಿನ ಮೇಲಿನ ಬಟ್ಟಲು: ಸ್ಕ್ರೂ ಸಡಿಲಾಗಿ ಕೆಳಗೆ ಜಾರಿ ರಾಡಿಗೆ ತಾಗುತ್ತಿರುತ್ತದೆ. ಅದನ್ನು ಮುಟ್ಟುವಾಗ ಮೇನ್ ಸ್ವಿಚ್ ಆರಿರಲಿ. ಫೋಟೊ ಹಿಂದೆ ಫೆಲ್ಟ್ ತುಂಡು, ಕಿಟಕಿ ಸಂದಿಗೆ ರಬ್ಬರ್ ಪಟ್ಟಿ, ಗಾಜಿನ ಅಂಚಿಗೆ ಎರಡು ಬದಿ ಅಂಟುವ ಟೇಪು. ನೂರಿನ್ನೂರು ರೂಪಾಯಿಯಲ್ಲಿ ಮುಗಿಯುತ್ತದೆ.

ಹಳೇ ಮಾಳಿಗೆ ಮನೆಯಾದರೆ ಒಂದು ಮಾತು. ತೊಲೆ, ಜಂತಿ ಸಂದಿಯಿಂದ ಮಣ್ಣು ಉದುರಲು ಶುರುವಾದರೆ ವಾಲ್ಯೂಮ್ ಇಳಿಸಿ, ಮೊದಲು ಮಾಳಿಗೆಯನ್ನು ತಿಳಿದವರಿಗೆ ತೋರಿಸಿ.

"ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ"

ಪೇಟೆಯ ಹಳೇ ಓಣಿಗಳಲ್ಲಿ ಗೋಡೆಗೆ ಗೋಡೆ ಕೂಡಿದ ಮನೆಗಳೇ ಜಾಸ್ತಿ. ನಮಗೆ ಕೇಳದ ಬೇಸ್ ಪಕ್ಕದ ಮನೆಯ ಅಜ್ಜನ ಮಂಚದ ಕೆಳಗೆ ಕೇಳುತ್ತಿರುತ್ತದೆ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉಪಾಯ, ಸಬ್ ಅನ್ನು ಕೂಡುಗೋಡೆಯಿಂದ ದೂರ ತಂದು ಸೋಫಾದ ಹಿಂದೆಯೋ ಪಕ್ಕದಲ್ಲೋ, ಕಿವಿಗೆ ಹತ್ತಿರ ಇಡುವುದು. ಹತ್ತಿರ ಇದ್ದರೆ ಅರ್ಧ ವಾಲ್ಯೂಮಿಗೇ ನಿಮಗೆ ತೃಪ್ತಿ ಆಗುತ್ತದೆ. ಕೋಣೆಯ ಉಬ್ಬುತಗ್ಗೂ ಕಡಿಮೆ ಕಾಡುತ್ತದೆ. ಕ್ರಾಸೋವರ್ 80 ದಾಟದಿರಲಿ, ಫೇಸ್ ಮತ್ತೆ ನೋಡಿ. ಕೆಳಗೆ ದಪ್ಪ ರಬ್ಬರ್ ಅಥವಾ ಫೋಮ್ ಹಾಸು ಹಾಕಿದರೆ ಸ್ಲ್ಯಾಬಿಗೆ ನೇರವಾಗಿ ಇಳಿಯುವ ನಡುಕ ತಗ್ಗುತ್ತದೆ, ಗಾಳಿಯಲ್ಲಿ ಹೋಗುವುದು ತಗ್ಗುವುದಿಲ್ಲ. ರಿಸೀವರ್‌ನಲ್ಲಿ ಜೋರು ಸದ್ದನ್ನು ತಗ್ಗಿಸುವ ರಾತ್ರಿಯ ಮೋಡ್ ಇರುತ್ತದೆ, ಹತ್ತು ಗಂಟೆಯ ನಂತರ ಅದನ್ನು ಹಾಕಿ.

"ಏನೂ ಹಾಕದಿದ್ದರೂ ಹಮ್ ಅನ್ನುತ್ತದೆ"

ಇದು ಜಾಗದ ದೋಷವಲ್ಲ, ವಿದ್ಯುತ್ತಿನದು. ನಮ್ಮ ಕರೆಂಟು 50 ಹರ್ಟ್ಸ್, ಅದೇ ಸ್ವರ ಸಬ್‌ನಲ್ಲಿ ಬರುತ್ತದೆ. ಸ್ವಿಚ್ ಆರಿಸಿ, ಸಬ್‌ನಿಂದ ಸಿಗ್ನಲ್ ಕೇಬಲ್ ಕಿತ್ತು, ಕೇಬಲ್ ಇಲ್ಲದೆಯೇ ಸ್ವಿಚ್ ಮತ್ತೆ ಹಾಕಿ ಕೇಳಿ. ಹಮ್ ಉಳಿದರೆ ಸಬ್‌ನ ಒಳಗೆ ದೋಷ, ಮೆಕ್ಯಾನಿಕ್ ಕೆಲಸ. ನಿಂತರೆ ಕೇಬಲ್ ದಾರಿಯಲ್ಲಿ ಬರುತ್ತಿದೆ. ಆಗ ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಟಿವಿ ಅಥವಾ ಡಿಶ್ ವೈರ್ ಬಿಚ್ಚಿ ನೋಡಿ, ಬಹಳ ಸಲ ಹಮ್ ಅಲ್ಲೇ ನಿಲ್ಲುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿನಿಂದ ಕೊಡಿ. ಸಬ್ ಕೇಬಲ್ ಕರೆಂಟಿನ ವೈರ್ ಜೊತೆ ಜೋಡಿ ಓಡದಿರಲಿ.

ಹಮ್ ನಿಲ್ಲುತ್ತದೆ ಅಂತ ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ ಮುರಿಯುವವರಿದ್ದಾರೆ. ಯಾವ ಕಾರಣಕ್ಕೂ ಮಾಡಬೇಡಿ. ಒಳಗೆ ತಂತಿ ತಗಡಿಗೆ ತಾಗಿದರೆ ನಿಮ್ಮನ್ನು ಕಾಯುವುದು ಆ ಪಿನ್ ಒಂದೇ. ಸಬ್‌ನ ತಗಡು ಮುಟ್ಟಿದರೆ 'ಜುಂ' ಅನ್ನಿಸಿದರೆ ಬೋರ್ಡಿನ ಸ್ವಿಚ್ ಆರಿಸಿ, ಪ್ಲಗ್ ಕಿತ್ತು ವೈರ್‌ಮನ್ ಕರೆಯಿರಿ. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಒಣಗಿ ಬಿರಿಯುತ್ತದೆ, ಅರ್ಥಿಂಗ್ ಗುಂಡಿ ಒಣಗಿದರೆ ಅರ್ಥಿಂಗ್ ಸೋಲುತ್ತದೆ. ಗುಂಡಿಗೆ ನೀರು ಹಾಕುತ್ತಿದ್ದೀರಾ ಅಂತ ಅವರು ಕೇಳುವ ಮೊದಲ ಪ್ರಶ್ನೆ ಇರುತ್ತದೆ.

"ಕರಕರ ಅನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ"

ವಾಸನೆ ಬಂದ ಕೂಡಲೇ ಆರಿಸಿ, ಪ್ಲಗ್ ಕೀಳಿ. ಇನ್ನೊಮ್ಮೆ ಹಾಕಿ ನೋಡೋಣ ಅನ್ನುವುದು ಬೇಡ. ಆನ್ ಮಾಡಿದ ತಕ್ಷಣ ಕೋನ್ ಮುಂದೆ ಚಾಚಿ ಅಥವಾ ಒಳಗೆ ಸೆಳೆದು ಹಾಗೇ ನಿಂತರೂ ಕೂಡಲೇ ಆರಿಸಿ, ಆಂಪ್ಲಿಫೈಯರ್ ಹೋಗಿದೆ.

ಬರೀ ಕರಕರ ಆದರೆ, ಪ್ಲಗ್ ಕಿತ್ತ ಮೇಲೆ ಮುಂದಿನ ಜಾಳಿಗೆ ತೆಗೆದು ಎರಡೂ ಕೈಗಳ ಬೆರಳುಗಳನ್ನು ಕೋನ್ ಸುತ್ತ ಸಮವಾಗಿ ಇಟ್ಟು ಮೆಲ್ಲಗೆ ಒತ್ತಿ ಬಿಡಿ. ನುಣ್ಣಗೆ ಹೋಗಿ ಬಂದರೆ ಸರಿ. ಒಳಗೆ ಮರಳು ಉಜ್ಜಿದಂತೆ ಬೆರಳಿಗೆ ತಾಗಿದರೆ ಕಾಯಿಲ್ ಉಜ್ಜುತ್ತಿದೆ. ಕೋನ್ ಸುತ್ತಲಿನ ಅಂಚು ಫೋಮಿನದಾಗಿದ್ದರೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ಬೆರಳಿಗೆ ಅಂಟುತ್ತದೆ. ಅಂಚು ಮಾತ್ರ ಬದಲಾಯಿಸಿಕೊಡುವವರು ಇದ್ದಾರೆ, ಇಡೀ ಸಬ್ ಎಸೆಯಬೇಕಿಲ್ಲ.

ಹಿಂದಿನ ತಗಡು ಬಿಚ್ಚುವುದು ನಮ್ಮ ಕೆಲಸವಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ. ರಿಪೇರಿಗೆ ಒಯ್ಯುವಾಗ ಬರೀ "ಬೇಸ್ ಬರವಲ್ದು" ಅನ್ನಬೇಡಿ. ಸಿಗ್ನಲ್ ಕೇಬಲ್ ಕಿತ್ತಾಗ ಏನಾಯಿತು, ಬೇರೆ ಪ್ಲಗ್ಗಿನಲ್ಲಿ ಏನಾಯಿತು, ಎಷ್ಟು ಹೊತ್ತು ಓಡಿದ ಮೇಲೆ ನಿಲ್ಲುತ್ತದೆ, ಯಾವ ಟೋನಿಗೆ ಕರಕರ ಅನ್ನುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಡಬ್ಬದ ಮೇಲೆ ಅಂಟಿಸಿ ಕೊಡಿ.